ಕಂಕುಳಲ್ಲಿ ಹಾಲು: ಅನಾಥ ಮ್ಯಾನಟಿ ಮರಿ ಸಾಕಿದ ನನ್ನ ಅನುಭವ

ಮ್ಯಾನಟಿ ಎಂದರೆ ನೀರಲ್ಲೇ ಬದುಕಿ ಹುಲ್ಲು ತಿನ್ನುವ ದೊಡ್ಡ ಸಸ್ತನಿ, ಕಡಲಹಸು ಎನ್ನುತ್ತಾರಲ್ಲ, ಅದು. ತಾಯಿಯಿಲ್ಲದ ಮ್ಯಾನಟಿ ಮರಿಗೆ ನೀರಿನಡಿ ಗೊಂಬೆ ತಾಯಿಯೊಂದರಿಂದ ಹಾಲೂಡಿಸುವುದು ಆಗಲ್ಲ ಎಂದವರು ಮೂರು ಜನ. ಒಬ್ಬರು ನಮ್ಮ ಪಶುವೈದ್ಯೆ. ಇನ್ನೊಬ್ಬರು ನನಗಿಂತ ಹದಿನೈದು ವರ್ಷ ಮೊದಲಿನಿಂದ ಮ್ಯಾನಟಿ ಮರಿ ಸಾಕುತ್ತಿದ್ದ ಹಿರಿಯರು. ಮೂರನೆಯವರು ದುಡ್ಡಿನ ಲೆಕ್ಕ ನೋಡುವವರು. ಮೂವರೂ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೂ ಆಯಿತು. ಉಳಿದ ಕಾಲು ಪಾಲಿನ ಬಗ್ಗೆ ಬರೆಯಲು ಕೂತಿದ್ದೇನೆ.

ನಾನು ಕೆಲಸ ಮಾಡುವುದು ಫ್ಲೋರಿಡಾದಲ್ಲಿ, ಮ್ಯಾನಟಿಗಳ ಪುನರ್ವಸತಿ ಕೇಂದ್ರವೊಂದರಲ್ಲಿ. ದೋಣಿ ಬಡಿದವು, ಚಳಿಗೆ ಸಿಕ್ಕವು, ಕೆಂಪು ಪಾಚಿಯ ವಿಷ ಏರಿದವು, ತಾಯಿ ಕಳೆದುಕೊಂಡ ಮರಿಗಳು, ಎಲ್ಲ ಇಲ್ಲಿಗೆ ಬರುತ್ತವೆ. ಮರಿ ಸಾಕಿ ಗೊತ್ತಿದ್ದವರಿಗೆ ಬಾಟಲಿ, ಟ್ಯೂಬು, ತೂಕದ ಜೋಲಿ ಇವನ್ನೆಲ್ಲ ನಾನು ವಿವರಿಸಬೇಕಿಲ್ಲ. ಆನೆಮರಿ ಸಾಕಿದವರು ಓದುತ್ತಿದ್ದರೆ ಇನ್ನೂ ಸುಲಭ. ಆನೆಗೂ ಮ್ಯಾನಟಿಗೂ ದೂರದ ನೆಂಟಸ್ತಿಕೆ ಇದೆ. ಆನೆಗೆ ಮೊಲೆ ಮುಂಗಾಲುಗಳ ನಡುವೆ, ಇವಕ್ಕೆ ಕಂಕುಳಲ್ಲಿ. ದವಡೆ ಹಲ್ಲು ಹಿಂದಿನಿಂದ ಮುಂದಕ್ಕೆ ಸರಿಯುತ್ತಾ ಬರುವುದು ಇಬ್ಬರಲ್ಲೂ ಉಂಟು. ಹಾಲಿನ ಪುಡಿಯ ತಕರಾರೂ ಹೆಚ್ಚುಕಡಿಮೆ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸರ್ಕಾರದ ಅನುಮತಿ ಇಲ್ಲದೆ ಮ್ಯಾನಟಿಯನ್ನು ಮುಟ್ಟುವಂತೆಯೂ ಇಲ್ಲ. ಕಾಲುವೆಯಲ್ಲಿ ಒಂಟಿ ಮರಿ ಕಂಡರೆ ಫೋನ್ ಮಾಡಬೇಕು, ಅಷ್ಟೇ. ಮನೆಯ ಈಜುಕೊಳಕ್ಕೆ ತಂದು ಹಾಲು ಕುಡಿಸೋಣ ಎನ್ನುವವರು ಇದ್ದಾರೆ, ಅದಕ್ಕೇ ಹೇಳಿದೆ.

ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಕ್ರಮ ಹೀಗಿತ್ತು. ವೆಟ್‌ಸೂಟ್, ಅಂದರೆ ನೀರಿಗಿಳಿಯುವವರ ರಬ್ಬರಿನಂಥ ಉಡುಪು, ಹಾಕಿಕೊಂಡು ಸೊಂಟದ ಮಟ್ಟದ ನೀರಿಗೆ ಇಳಿಯುವುದು. ಮರಿಯನ್ನು ತೋಳಿಗೆ ಆನಿಸಿಕೊಳ್ಳುವುದು. ನೀರಿನ ಮೇಲ್ಮಟ್ಟದಲ್ಲಿ ಬಾಟಲಿ ಬಾಯಿಗಿಡುವುದು. ಎರಡೂವರೆ, ಮೂರು ಗಂಟೆಗೊಮ್ಮೆ, ಹಗಲು ರಾತ್ರಿ. ಕೆಲವು ಮರಿ ಎರಡನೇ ದಿನಕ್ಕೇ ಕಲಿಯುತ್ತವೆ. ಕೆಲವು ಬಾಯೇ ಬಿಡುವುದಿಲ್ಲ. ಬಾಯಿ ಬಿಡದವಕ್ಕೆ ಟ್ಯೂಬು. ಟ್ಯೂಬಿನಲ್ಲಿ ಹಾಲು ಹೋಗುತ್ತದೆ, ನಿಜ. ಆದರೆ ದಿನಕ್ಕೆ ಏಳೆಂಟು ಸಲ ಹಿಡಿದು, ಒತ್ತಿ, ಗಂಟಲಿಗೆ ಕೊಳವೆ ಇಳಿಸಿದರೆ ಯಾವ ಮರಿ ತಾನೇ ಚೆನ್ನಾಗಿದ್ದೀತು?

ಬಾಟಲಿಯದ್ದು ಇನ್ನೊಂದು ತೊಂದರೆ. ನೀರಿನ ಮೇಲೆ ಕುಡಿಯುವಾಗ ಮರಿ ಗಾಳಿ ನುಂಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ. ಹಸುವಿಗೆ ಉಬ್ಬರ ಬಂದರೆ ನೆಲದ ಮೇಲಾದರೂ ನಿಂತಿರುತ್ತದೆ. ಮ್ಯಾನಟಿ ಮರಿಗೆ ಬಂದರೆ ಅದು ಚೆಂಡಿನ ಹಾಗೆ ತೇಲತೊಡಗುತ್ತದೆ, ಬಾಲ ಮೇಲೆ, ತಲೆ ಓರೆ. ಮುಳುಗಲು ಆಗುವುದಿಲ್ಲ. ಮುಳುಗಲು ಆಗದ ಮರಿ ನಿದ್ದೆ ಮಾಡುವುದಿಲ್ಲ, ಸುಸ್ತಾಗುತ್ತದೆ, ಕುಡಿಯುವುದನ್ನು ಬಿಡುತ್ತದೆ. 2014ರಲ್ಲಿ ಒಂದು ಗಂಡು ಮರಿ ಹೀಗೇ ಹೋಯಿತು. ಹತ್ತೊಂಬತ್ತನೇ ದಿನ. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಇಷ್ಟವಿಲ್ಲ.

ಮೂರನೇ ತೊಂದರೆ ತಕ್ಷಣ ಕಾಣುವುದಿಲ್ಲ. ಮನುಷ್ಯನ ತೋಳಲ್ಲಿ ಕುಡಿದು ಬೆಳೆದ ಮರಿ, ಬಿಟ್ಟ ಮೇಲೆ ಮನುಷ್ಯ ಕಂಡಲ್ಲಿ ಬರುತ್ತದೆ. ಫ್ಲೋರಿಡಾದಲ್ಲಿ ಮನುಷ್ಯ ಇದ್ದಲ್ಲಿ ದೋಣಿ ಇರುತ್ತದೆ. ಮುಂದಿನದನ್ನು ಹೇಳಬೇಕಿಲ್ಲ ಅಲ್ವಾ?

ಇನ್ನು ಆ ಐಡಿಯಾ ಬಂದದ್ದು ಹೇಗೆ ಎಂಬ ವಿಷಯ. ಅದಕ್ಕೆ 2015ರ ಒಂದು ಹೆಣ್ಣು ಕಾರಣ.

ಚಳಿಗೆ ಸಿಕ್ಕು ಜನವರಿಯಲ್ಲಿ ಬಂದವಳು. ನೀರು 20 ಡಿಗ್ರಿಗಿಂತ ಕೆಳಗಿಳಿದು ಹಾಗೇ ಉಳಿದರೆ ಇವು ಸೊರಗುತ್ತವೆ. ಮೈ ಮೇಲೆ ಬಿಳಿ ಬಿಳಿ ಗಾಯ, ಕರುಳು ನಿಂತುಹೋಗುವುದು, ಎಲ್ಲ ಆಗುತ್ತದೆ. ಸ್ಕ್ಯಾನ್ ಮಾಡಿದರೆ ಗಬ್ಬ. ಗಬ್ಬದ ಅವಧಿ ಸುಮಾರು 12ರಿಂದ 14 ತಿಂಗಳು, ಹಾಗಾಗಿ ಯಾವಾಗ ಈಯುತ್ತಾಳೆ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ನಮ್ಮಲ್ಲಿ ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವುದಿಲ್ಲ. ಇರುವ ಕೊಳಗಳು ಗಾಯಗೊಂಡು ಬಂದವಕ್ಕೇ ಸಾಲುವುದಿಲ್ಲ, ಇನ್ನು ಕೇಂದ್ರದೊಳಗೇ ಮರಿ ಹುಟ್ಟಿಸುವುದೆಲ್ಲಿ? ಹೀಗೆ ಹೊಟ್ಟೆಯಲ್ಲಿ ಹೊತ್ತು ತಂದವಳು ಈದರೆ ಮಾತ್ರ ನಮಗೆ ನೋಡಲು ಸಿಗುವುದು. ಹಿಂದೆ ಹೀಗಿರಲಿಲ್ಲ. ಮಯಾಮಿಯಲ್ಲಿ 1975ರಲ್ಲೇ ಕೊಳದಲ್ಲೇ ಗಬ್ಬವಾಗಿ ಕೊಳದಲ್ಲೇ ಹುಟ್ಟಿದ ಮರಿ ಇತ್ತು. ಅದಕ್ಕೂ ಮೊದಲು, 1948ರಲ್ಲಿ, ಮಯಾಮಿಯಲ್ಲೇ ಹುಟ್ಟಿದ ಸ್ನೂಟಿ ಎಂಬ ಮ್ಯಾನಟಿ ಫ್ಲೋರಿಡಾದ ಬ್ರೇಡೆಂಟನ್‌ನಲ್ಲಿ ಬೆಳೆದು ಒಟ್ಟು 69 ವರ್ಷ ಬದುಕಿತು.

ಮೇ ತಿಂಗಳ ಒಂದು ರಾತ್ರಿ ಈದಳು. ನಾನು ಕ್ಯಾಮೆರಾ ಮುಂದೆ ಕಾಫಿ ಹಿಡಿದು ಕೂತಿದ್ದೆ. ಬಾಲ ಮೊದಲು ಬಂತು. ತಲೆ ಮೊದಲು ಬರುವುದೂ ಉಂಟು. ಮರಿ ತಾನಾಗಿಯೇ ಮೇಲೆ ಬಂದು ಉಸಿರು ಎಳೆದುಕೊಂಡಿತು. ತಾಯಿ ಎತ್ತಿ ಹಿಡಿಯುತ್ತಾಳೆ, ಬೆನ್ನ ಮೇಲೆ ಹೊರುತ್ತಾಳೆ ಎಂದೆಲ್ಲ ಕೇಳಿದ್ದೆ. ಇವಳು ಪಕ್ಕದಲ್ಲಿ ಇದ್ದಳು, ಅಷ್ಟೇ. ಮರಿ ಕಪ್ಪಗೆ, ಮೈಯೆಲ್ಲ ಮಡಿಕೆ ಮಡಿಕೆ. ಹೊಟ್ಟೆಯಲ್ಲಿ ಮಡಚಿಕೊಂಡಿದ್ದ ಬಾಲ ಇನ್ನೂ ಬಿಚ್ಚಿರಲಿಲ್ಲ. ಬಾಲ ಬಿಟ್ಟು ಎರಡೂ ಕೈ, ಅಂದರೆ ಮುಂದಿನ ಈಜುರೆಕ್ಕೆ, ಬಡಿದುಕೊಂಡು ಈಜುತ್ತಿತ್ತು.

ನನಗೆ ಬೇಕಾದದ್ದು ಸಿಕ್ಕಿದ್ದು ಆಮೇಲೆ. ಮೊಲೆ ಹುಡುಕಲು ಆ ಮರಿಗೆ ಬೆಳಗಿನ ತನಕ ಬೇಕಾಯಿತು. ಗದ್ದದ ಕೆಳಗೆ ಮೂತಿ ಹಾಕಿತು. ಹೊಟ್ಟೆಗೆ ಹಾಕಿತು. ಬಾಲದ ಬುಡಕ್ಕೂ ಹಾಕಿತು. ಕೊನೆಗೆ ಕಂಕುಳು ಸಿಕ್ಕಿತು. ಸಿಕ್ಕಿದ ಮೇಲೆ ಎರಡನೇ ಸಲ ಹುಡುಕಲೇ ಇಲ್ಲ. ನೇರ ಅಲ್ಲಿಗೇ. ತಾಯಿ ಮಾಡಿದ್ದು ಒಂದೇ ಕೆಲಸ, ಕೈಯನ್ನು ಮೈಯಿಂದ ಸ್ವಲ್ಪ ಅಗಲಿಸಿ ಇಟ್ಟುಕೊಂಡದ್ದು. ಎದೆಗವಚಿಕೊಂಡು ಹಾಲೂಡಿಸುತ್ತಾಳೆ ಎನ್ನುವುದೆಲ್ಲ ನಾವಿಕರ ಕತೆ. 1493ರಲ್ಲಿ ಕೊಲಂಬಸ್ ಇವನ್ನು ನೋಡಿ ಮತ್ಸ್ಯಕನ್ಯೆ ಎಂದುಕೊಂಡ, ಚಿತ್ರದಲ್ಲಿ ತೋರಿಸುವಷ್ಟು ಚೆಂದವಿಲ್ಲ ಎಂದೂ ಬರೆದ. ನಾನು ಅವನ ಜಾಗದಲ್ಲಿದ್ದರೆ ಅದನ್ನು ಬರೆಯುತ್ತಿರಲಿಲ್ಲ.

ಐದು ದಿನ ನೋಟ್‌ಬುಕ್ ಹಿಡಿದು ಕೂತೆ. ಉಸಿರು ಎಳೆದುಕೊಳ್ಳುವುದು, ಮುಳುಗುವುದು, ಕಂಕುಳಿಗೆ ಹೋಗುವುದು, ಎರಡು ಮೂರು ನಿಮಿಷ ಚೀಪುವುದು, ಬಿಟ್ಟು ಮೇಲೆ ಬರುವುದು. ಎಲ್ಲವೂ ನೀರಿನ ಅಡಿಯಲ್ಲಿ. ಒಂದೇ ಒಂದು ಸಲವೂ ಮೇಲ್ಮಟ್ಟದಲ್ಲಿ ಕುಡಿಯಲಿಲ್ಲ. ಗಾಳಿ ನುಂಗುವ ಪ್ರಶ್ನೆಯೇ ಇಲ್ಲ. ನಾವು ಇಷ್ಟು ವರ್ಷ ಮರಿಗೆ ತಪ್ಪು ಜಾಗದಲ್ಲಿ ಹಾಲು ಕೊಡುತ್ತಿದ್ದೆವು ಎಂದು ಆಗ ಅನ್ನಿಸಿತು. ನಮ್ಮ ಅನಾಥ ಮರಿಗಳು ಪಕ್ಕದಲ್ಲಿ ಯಾವ ದೊಡ್ಡ ಮ್ಯಾನಟಿ ಬಂದರೂ ಅದರ ಕೈ ಕೆಳಗೆ ಮೂತಿ ತೂರಿಸುತ್ತವೆ. ದಿನಾ ನೋಡುತ್ತಿದ್ದೆವು. ನೋಡಿ ನಗುತ್ತಿದ್ದೆವು.

ನೀರಿನಡಿ ಒಂದು ಕಂಕುಳು ಮಾಡೋಣ ಎಂದೆ. ವೈದ್ಯೆ ಹೇಳಿದ್ದು ಒಂದೇ ಮಾತು: "ಹಾಲು ಶ್ವಾಸಕೋಶಕ್ಕೆ ಹೋದರೆ ಆ ಮರಿಗೆ ನೀವೇ ಜವಾಬ್ದಾರಿ." ಹಿರಿಯರು, "ಎಷ್ಟು ಕುಡಿಯಿತು ಅಂತ ಹೇಗೆ ಅಳೀತೀಯ? ಅರ್ಧ ಹಾಲು ಕೊಳದ ಪಾಲು" ಎಂದರು. ಲೆಕ್ಕದವರು ಏನೂ ಹೇಳಲಿಲ್ಲ. ಕಾಗದ ವಾಪಸು ಕಳಿಸಿದರು. ಹಾಗಾಗಿ ಕೈಯಿಂದ ಹಾಕಿದೆ.

ಮೊದಲನೆಯದಕ್ಕೆ ಸುಮಾರು 220 ಡಾಲರ್ ಆಯಿತು. ಬಿಳಿ ಫೋಮಿನ ದೊಡ್ಡ ದಿಂಡು, ಮೇಲೆ ಬಣ್ಣ, ಪಕ್ಕಕ್ಕೆ ಒಂದು ಕೈ. ನೀರಿಗೆ ಬಿಟ್ಟ ತಕ್ಷಣ ತಿರುಗಿ ಮಕಾಡೆ ಮಲಗಿತು. ಭಾರ ಕಟ್ಟಿದೆ, ಮುಳುಗಿತು. ಭಾರ ಕಡಿಮೆ ಮಾಡಿದೆ, ಮತ್ತೆ ತಿರುಗಿತು. ಕೊಳದಲ್ಲಿದ್ದ ಮರಿ ಅದರ ಹತ್ತಿರವೇ ಸುಳಿಯಲಿಲ್ಲ. ಮೂರನೇ ದಿನ ಬಣ್ಣ ಏಳತೊಡಗಿತು, ನಾನೇ ತೆಗೆದೆ.

ಎರಡನೆಯದು ನನ್ನ ದೊಡ್ಡ ತಪ್ಪು. ವೆಟ್‌ಸೂಟಿಗೆ ಬಳಸುವ ನಿಯೋಪ್ರೀನ್ ಹಾಳೆ, ಅಂಟು, ಒಳಗೆ ಮೆತ್ತನೆ ಸ್ಪಂಜು. ಖರ್ಚು 340ರ ಹತ್ತಿರ. ನೋಡಲು ಸೊಗಸಾಗಿತ್ತು. ಮರಿ ಬಂತು, ಕಂಕುಳಿಗೆ ಮೂತಿ ಹಾಕಿತು, ನಾನು ಕುಣಿಯುವುದೊಂದು ಬಾಕಿ. ನಾಲ್ಕನೇ ದಿನ ನೋಡಿದರೆ ಅಂಚಿನಲ್ಲಿ ಎರಡು ಬೆರಳಗಲ ಸ್ಪಂಜು ಇಲ್ಲ. ಮ್ಯಾನಟಿಯ ಮೇಲ್ತುಟಿಗೆ ಎಂಥ ಹಿಡಿತ ಇದೆ ಎಂದು ಗೊತ್ತಿದ್ದವನೇ ನಾನು, ಆದರೂ ಅಂಚು ಹೊಲಿದಿರಲಿಲ್ಲ. ಖನಿಜ ಎಣ್ಣೆ ಕೊಟ್ಟು, ಎನಿಮಾ ಕೊಟ್ಟು, ಕಾದೆವು. ಐದನೇ ದಿನ ಸ್ಪಂಜು ಹಿಂದಿನಿಂದ ಬಂತು. ಮರಿಗೆ ಏನೂ ಆಗಲಿಲ್ಲ. ನನಗೆ ಆಯಿತು. ಮೂರು ತಿಂಗಳು ಈ ಪ್ರಯೋಗದ ಹೆಸರೆತ್ತಬಾರದು ಎಂದು ಅಪ್ಪಣೆಯಾಯಿತು. ಸರಿಯಾದ ಅಪ್ಪಣೆಯೇ.

ಆ ಮೂರು ತಿಂಗಳು ಸುಮ್ನೆ ಕೂರಲಿಲ್ಲ. ಬೇರೆ ಒಂದು ಹುಚ್ಚು ಹಿಡಿಯಿತು. ಮ್ಯಾನಟಿ ತಾಯಿ ಮರಿ ಒಂದಕ್ಕೊಂದು ಚೀಂ ಚೀಂ ಎಂದು ಕರೆಯುತ್ತಲೇ ಇರುತ್ತವೆ. ಬೇರೆಯಾದರಂತೂ ಕೇಳುವುದೇ ಬೇಡ. ಮೇ ತಿಂಗಳಲ್ಲಿ ಈದವಳ ಕರೆಗಳನ್ನು ರೆಕಾರ್ಡ್ ಮಾಡಿಟ್ಟಿದ್ದೆ. ನೀರಿನೊಳಗಿನ ಸ್ಪೀಕರ್ ಒಂದನ್ನು ಸಾಲ ತಂದು ಅನಾಥ ಮರಿಯ ಕೊಳದಲ್ಲಿ ಹಾಕಿದೆ. ಮೊದಲ ದಿನ ಮರಿ ಉತ್ತರ ಕೊಟ್ಟಿತು, ಸ್ಪೀಕರಿಗೆ ಮೂತಿ ಉಜ್ಜಿತು. ಎರಡನೇ ದಿನ ಸ್ವಲ್ಪ. ನಾಲ್ಕನೇ ದಿನಕ್ಕೆ ತಿರುಗಿಯೂ ನೋಡಲಿಲ್ಲ. ಆದರೆ ಪಕ್ಕದ ಕೊಳದಲ್ಲಿದ್ದ ಒಬ್ಬ ಮುದುಕಿ, ದೋಣಿ ಬಡಿದು ಬಂದವಳು, ರಾತ್ರಿಯಿಡೀ ಗೇಟಿನ ಬಳಿ ಬಂದು ಕರೆಯತೊಡಗಿದಳು. ಅವಳ ಊಟ ಕಡಿಮೆಯಾಯಿತು. ನಿಲ್ಲಿಸಿದೆ. ಆಮೇಲೆ ಗೇಟು ತೆಗೆದು ಮರಿಯನ್ನು ಅವಳ ಜೊತೆ ಬಿಟ್ಟೆವು. ಸಾಕುತಾಯಿಯಾಗಿ ಹಾಲೂಡಿಸಿದ ಹೆಣ್ಣುಗಳು ಇದ್ದಾರೆ, ಇವಳಲ್ಲಿ ಹಾಲಿರಲಿಲ್ಲ. ಆದರೂ ಮರಿ ಅವಳ ಪಕ್ಕೆಗೆ ಅಂಟಿಕೊಂಡು ಅವಳು ಉಸಿರಾಡಿದಾಗ ತಾನೂ ಉಸಿರಾಡುವುದನ್ನು ಕಲಿಯಿತು. ಅಷ್ಟು ಲಾಭ.

ಹಾಲಿನ ವಿಷಯ ಬೇಗ ಮುಗಿಸುತ್ತೇನೆ. ಮ್ಯಾನಟಿ ಹಾಲಿನಲ್ಲಿ ಕೊಬ್ಬು, ಪ್ರೋಟೀನು, ಉಪ್ಪು ಹಸುವಿನ ಹಾಲಿಗಿಂತ ಜಾಸ್ತಿ. ಲ್ಯಾಕ್ಟೋಸ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಹಸುವಿನ ಹಾಲು ಕೊಟ್ಟರೆ ಕೆಟ್ಟಿತು. ಲ್ಯಾಕ್ಟೋಸ್ ಇಲ್ಲದ ಪುಡಿ, ಎಣ್ಣೆ, ವಿಟಮಿನ್ನು. ಮೊದಲ ದಿನ ಬರೀ ಎಲೆಕ್ಟ್ರೋಲೈಟ್ ನೀರು. ಆಮೇಲೆ ಕಾಲು, ಅರ್ಧ, ಮುಕ್ಕಾಲು ಗಟ್ಟಿ. ಎಣ್ಣೆ ಯಾವುದು, ಎಷ್ಟು ಎಂದು ಪ್ರತಿ ಕೇಂದ್ರಕ್ಕೂ ಅದರದ್ದೇ ವಾದ ಇದೆ. ನನ್ನ ಅಳತೆ ಹೇಳಿದರೆ ಜಗಳ ಶುರುವಾಗುತ್ತದೆ, ಬಿಡಿ. ಅವಸರ ಮಾಡಿ ಗಟ್ಟಿ ಹಾಲು ಕೊಟ್ಟರೆ ಮಲಬದ್ಧತೆ ಗ್ಯಾರಂಟಿ ಎನ್ನುವುದೊಂದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಮೂರನೇ ತಾಯಿಯನ್ನು 90 ಡಾಲರ್ ಒಳಗೆ ಮಾಡಿದೆ. ಹರಿದುಹೋದ ಎರಡು ವೆಟ್‌ಸೂಟು. ಒಳಗೆ ಪಿವಿಸಿ ಪೈಪಿನ ಹಂದರ, ಪೈಪಿನೊಳಗೆ ಮರಳು. ಸ್ಪಂಜು ಒಂದು ಚೂರೂ ಇಲ್ಲ. ಎಲ್ಲ ಅಂಚಿಗೂ ಮೀನುಗಾರರ ದಾರದಲ್ಲಿ ಜೋಡಿ ಹೊಲಿಗೆ. ಗೋಡೆಗೆ ಕಟ್ಟಿ, ನೀರಿನ ಮಟ್ಟದಿಂದ ಒಂದು ಮೊಳ ಕೆಳಗೆ ನಿಲ್ಲಿಸಿದೆ. ಹಾಗಾಗಿ ಅದು ತಿರುಗುವ ಮಾತಿಲ್ಲ. ಕೈ ಅಗಲಿಸಿಟ್ಟ ಕೋನವನ್ನು ನೋಟ್‌ಬುಕ್ ನೋಡಿ ಹೊಂದಿಸಿದೆ. ಕಂಕುಳಲ್ಲಿ ಕುರಿಮರಿಗೆ ಹಾಲೂಡಿಸುವ ರಬ್ಬರ್ ತೊಟ್ಟು. ಮ್ಯಾನಟಿಯ ಮೊಲೆ ಚಿಕ್ಕದು, ಬೆರಳಿನ ಹಾಗಿರುತ್ತದೆ. ಕರುವಿಗೆ ಕೊಡುವ ತೊಟ್ಟು ದೊಡ್ಡದಾಯಿತು, ಮಕ್ಕಳ ಬಾಟಲಿಯದ್ದು ಒಂದೇ ದಿನಕ್ಕೆ ಹರಿಯಿತು.

ಸೋರುವುದನ್ನು ನಿಲ್ಲಿಸಿದ್ದು ನನ್ನ ಹೆಮ್ಮೆಯ ಕೆಲಸ. ಬಾಟಲಿ ದಂಡೆಯ ಮೇಲಿದ್ದರೆ ಹಾಲು ತಾನಾಗಿ ಇಳಿದು ಕೊಳ ಬೆಳ್ಳಗಾಗುತ್ತದೆ. ಬಾಟಲಿ ತೀರಾ ಕೆಳಗಿದ್ದರೆ ಕೊಳದ ನೀರು ಹಾಲಿಗೆ ನುಗ್ಗುತ್ತದೆ. ಹಾಲಿನ ಮಟ್ಟ, ಕೊಳದ ಮಟ್ಟ ಒಂದೇ ಇದ್ದರೆ ಎರಡೂ ಆಗುವುದಿಲ್ಲ. ಮರಿ ಚೀಪಿದರೆ ಮಾತ್ರ ಬರುತ್ತದೆ. ಹಾಲು ನೀರಿಗಿಂತ ಒಂದಿಷ್ಟು ಭಾರ, ಹಾಗಾಗಿ ಕೂದಲೆಳೆಯಷ್ಟು ಕೆಳಗೆ. ಆದರೆ ಕುಡಿಯುತ್ತಾ ಹೋದಂತೆ ಮಟ್ಟ ಇಳಿಯುತ್ತದಲ್ಲ? ಅದಕ್ಕೆ ಉದ್ದ ಬಾಟಲಿ ಬಿಟ್ಟು ಅಗಲವಾದ ಮುಚ್ಚಳವಿರುವ ಟ್ರೇ ಇಟ್ಟೆ. ಅರ್ಧ ಲೀಟರ್ ಹೋದರೂ ಮಟ್ಟ ಒಂದು ಬೆರಳು ಇಳಿಯುವುದಿಲ್ಲ. ಟ್ರೇಗೆ ಗೆರೆ ಎಳೆದದ್ದರಿಂದ ಎಷ್ಟು ಕುಡಿಯಿತು ಎಂಬುದೂ ಗೊತ್ತಾಯಿತು. ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೊಳವೆಯಲ್ಲಿ ಒಂದು ವಾಲ್ವು ಬೇಕು, ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುವಂಥದ್ದೇ. ಎಲ್ಲಿ ಕೂರಿಸಬೇಕು ಎಂಬುದನ್ನು ನೀವೇ ನಾಲ್ಕು ಸಲ ಒದ್ದೆಯಾಗಿ ಕಂಡುಕೊಳ್ಳಿ. ನಾನೂ ಹಾಗೇ ಕಂಡುಕೊಂಡದ್ದು.

2016ರ ಜೂನ್. ಕಾಲುವೆಯೊಂದರಲ್ಲಿ ಒಂಟಿ ಹೆಣ್ಣು ಮರಿ. ತಾಯಿ ಬರುತ್ತಾಳೇನೋ ಎಂದು ದೂರದಿಂದ ಕಾದು ನೋಡಿದರು, ಬರಲಿಲ್ಲ. ತಂದಾಗ 27 ಕೆಜಿ, ಹೊಕ್ಕಳ ಬಳ್ಳಿಯ ಚೂರು ಇನ್ನೂ ಇತ್ತು. ಹುಟ್ಟಿದ ಮರಿ ಸುಮಾರು 30 ಕೆಜಿ ಇರಬೇಕು. ಇದು ಬಂದ ಮೇಲೆ ಇನ್ನೂ ಇಳಿಯಿತು, 25ರ ಹತ್ತಿರ. ಬಾಟಲಿ ಮುಟ್ಟಲಿಲ್ಲ. ನಾಲ್ಕು ದಿನ ಟ್ಯೂಬು. ಐದನೇ ದಿನ ವೈದ್ಯೆಯೇ ಬಂದು, "ನಿಮ್ಮ ಆ ಗೊಂಬೆ ಎಲ್ಲಿದೆ?" ಎಂದರು.

ಅದೇ ದಿನ ಇಳಿಸಿದೆವು. ನೀರು 29 ಡಿಗ್ರಿ, ದೀಪ ಮಂಕು, ಮನುಷ್ಯರು ಯಾರೂ ಕಾಣುವಂತಿಲ್ಲ. ಮೊದಲ ದಿನ ಮರಿ ಗೊಂಬೆಯ ಪಕ್ಕದಲ್ಲಿ ಮಲಗಿತು, ಅಷ್ಟೇ. ರಾತ್ರಿ ಟ್ಯೂಬು ಹಾಕಿದೆವು. ಮರುದಿನ ಗದ್ದದ ಕಡೆ, ಹೊಟ್ಟೆಯ ಕಡೆ ಹುಡುಕಿತು. ನಾನು ಹೊರಗೆ ಕೂತು, ಮೇಲೆ, ಇನ್ನೂ ಮೇಲೆ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಆಗ ಒಂದು ವಸ್ತುವನ್ನು ಕಂಕುಳಿಗೆ ಸವರಿದೆ. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ದುಬಾರಿಯದ್ದಲ್ಲ, ಅಪಾಯದ್ದಲ್ಲ, ವೈದ್ಯೆ ಒಪ್ಪಿದ್ದೇ. ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ಟ್ರೇಯ ಹಾಲು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಬಿಟ್ಟು ಮೇಲೆ ಬಂದು ಮರಿ ಉಸಿರು ಎಳೆದುಕೊಂಡು ಮತ್ತೆ ಕೆಳಗೆ ಹೋಯಿತು. ಗೆರೆ ನೋಡಿದರೆ 180 ಮಿಲಿ ಹತ್ತಿರ.

ಶ್ವಾಸಕೋಶದ ಭಯ? ಮೊದಲ ವಾರದಲ್ಲಿ ಎರಡು ಸಲ ಕೆಮ್ಮಿತು. ತೊಟ್ಟಿನ ತೂತು ದೊಡ್ಡದಾಗಿತ್ತು, ಬದಲಿಸಿದೆ, ನಿಂತಿತು. ತೂತು ಎಷ್ಟು ದೊಡ್ಡದು ಎಂದು ಬಹಳ ಜನ ಕೇಳಿದ್ದಾರೆ. ಸೂಜಿಯಿಂದ ಚುಚ್ಚಬೇಡಿ, ಕತ್ತರಿಸಿ. ಇಷ್ಟು ಸಾಕು. ಉಬ್ಬರ ಒಂದೇ ಒಂದು ದಿನ ಬಂತು, ಅದೂ ಟ್ಯೂಬು ಹಾಕಿದ್ದ ದಿನ. ಎರಡನೇ ವಾರಕ್ಕೆ ದಿನಕ್ಕೆ ಎರಡೂವರೆ ಲೀಟರ್ ದಾಟಿತು. ಮೂರನೇ ವಾರದಿಂದ ದಿನಕ್ಕೆ ಕಾಲು ಕೆಜಿ, ಆಮೇಲೆ ಕೆಲವು ದಿನ ಅರ್ಧ ಕೆಜಿ ತೂಕ ಏರಿತು. ಹಿರಿಯರು ಚಾರ್ಟು ನೋಡಿ, "ಇದು ಮರಿಯ ಅದೃಷ್ಟ, ನಿನ್ನದಲ್ಲ" ಎಂದರು. ಆದರೆ ಅವರ ಪಾಳಿಯಲ್ಲೂ ಟ್ರೇ ತುಂಬಿಸಿ ಇಡತೊಡಗಿದರು.

ಎಲ್ಲ ಮರಿಗೂ ಇದು ಒಗ್ಗುತ್ತದೆ ಎಂದು ಹೇಳಲಾರೆ. ಆಮೇಲೆ ಬಂದವುಗಳಲ್ಲಿ ಒಂದು ಮರಿ ಗೊಂಬೆಯನ್ನು ಕಂಡರೆ ಹೆದರಿ ಮೂಲೆ ಸೇರುತ್ತಿತ್ತು. ಅದನ್ನು ಹಳೆಯ ಕ್ರಮದಲ್ಲೇ, ತೋಳಲ್ಲೇ ಸಾಕಿದೆವು. ಬದುಕಿತು. ಈಗಾಗಲೇ ಒಂದು ತಿಂಗಳು ಬಾಟಲಿ ಕುಡಿದ ಮರಿಗೂ ಇದು ಹಿಡಿಸುವುದಿಲ್ಲ. ಬಂದ ಮೊದಲ ವಾರದಲ್ಲೇ ಇಳಿಸಬೇಕು.

ಹಸಿರು ತಿನ್ನಿಸುವುದಕ್ಕೆ ಗೊಂಬೆ ಬೇಕಿಲ್ಲ. ತಾಯಿಯ ಹತ್ತಿರ ಇರುವ ಮರಿ ಕೆಲವೇ ವಾರಕ್ಕೆ ಹುಲ್ಲು ಕಚ್ಚಿ ನೋಡುತ್ತದೆ, ಆದರೆ ಹಾಲನ್ನು ಒಂದೆರಡು ವರ್ಷ ಬಿಡುವುದಿಲ್ಲ. ನಾವು ಒಂದು ತಿಂಗಳಿಗೇ ಲೆಟ್ಯೂಸ್ ಎಲೆ ಕೊಡಲು ಶುರು ಮಾಡಿದೆವು. ತೂತು ಕೊರೆದ ಪೈಪಿಗೆ ಸಿಕ್ಕಿಸಿ ತಳದಲ್ಲಿ ಇಡಬೇಕು. ಮೇಲೆ ತೇಲಿಬಿಟ್ಟರೆ ಊಟ ಮೇಲಿಂದ, ಮನುಷ್ಯರಿಂದ ಬರುತ್ತದೆ ಎಂದು ಕಲಿಯುತ್ತದೆ.

ಎಲೆ ತಿಂದರೂ ಜೀರ್ಣವಾಗಬೇಕಲ್ಲ. ಇವಕ್ಕೆ ಹುಲ್ಲು ಕೊಳೆಯುವುದು ಹಿಂಗರುಳಿನಲ್ಲಿ, ಕುದುರೆಯ ಹಾಗೆ. ಅದಕ್ಕೆ ಬೇಕಾದ ಸೂಕ್ಷ್ಮಜೀವಿಗಳು ದೊಡ್ಡವುಗಳ ಲದ್ದಿಯಲ್ಲಿವೆ. ಆರೋಗ್ಯವಾಗಿದ್ದ ಆ ಮುದುಕಿಯ ಲದ್ದಿಯನ್ನು ಪರೀಕ್ಷೆ ಮಾಡಿಸಿ, ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಸೋಸಿ ಕೊಟ್ಟೆವು. ಮೊದಲ ಸಲ ಬ್ಲೆಂಡರಿನ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಆ ವಾರ ಊಟದ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯೇ ಇತ್ತು. ಗೊಂಬೆಯ ಹೊಟ್ಟೆಯ ಕೆಳಗೆ ಲದ್ದಿ ಇಟ್ಟರೆ ಮರಿ ತಾನೇ ತಿನ್ನುತ್ತದೇನೋ ಎಂದೂ ನೋಡಿದೆ. ತಿನ್ನಲಿಲ್ಲ. ಫಿಲ್ಟರ್ ಕಟ್ಟಿಕೊಂಡಿತು. ರಿಪೇರಿಗೆ ಎಷ್ಟಾಯಿತು ಎಂದು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಕೈಯಿಂದ ಎಲ್ಲ ಸೇರಿ 1,700 ಡಾಲರ್ ಹೋಗಿರಬಹುದು. ಮನೆಯಲ್ಲಿ ಹೇಳಿದ್ದು 700.

2019ರ ಫೆಬ್ರವರಿಯಲ್ಲಿ ಬಿಟ್ಟೆವು. ತೂಕ 290 ಕೆಜಿ ಆಸುಪಾಸು. ಬಿಡುವುದು ಚಳಿಗಾಲದಲ್ಲಿ, ಅದೂ ಬೆಚ್ಚಗಿನ ನೀರಿನ ಊಟೆಯಲ್ಲಿ. ಇದು ವಿಚಿತ್ರವಾಗಿ ಕಾಣುತ್ತದೆ, ಆದರೆ ಕಾರಣವಿದೆ. ತಾಯಿ ಮರಿಯನ್ನು ಒಂದೆರಡು ವರ್ಷ ಜೊತೆಗಿಟ್ಟುಕೊಳ್ಳುವುದು ಹಾಲಿಗೆ ಮಾತ್ರ ಅಲ್ಲ. ಚಳಿ ಬಂದಾಗ ಎಲ್ಲಿಗೆ ಓಡಬೇಕು ಎಂಬ ದಾರಿ ತೋರಿಸುವುದೂ ಆಗಲೇ. ನನ್ನ ಗೊಂಬೆ ಹಾಲು ಕೊಟ್ಟಿತು, ದಾರಿ ತೋರಿಸಲಿಲ್ಲ. ಅದಕ್ಕೆ ಸೇಂಟ್ ಜಾನ್ಸ್ ನದಿಯ ಬ್ಲೂ ಸ್ಪ್ರಿಂಗ್‌ನಲ್ಲಿ, 22 ಡಿಗ್ರಿಯ ನೀರಿನಲ್ಲಿ, ಅಲ್ಲೇ ಸೇರಿದ್ದ ನೂರಾರು ಮ್ಯಾನಟಿಗಳ ನಡುವೆ ಇಳಿಸಿದೆವು. ಅವುಗಳ ಬೆನ್ನು ಹಿಡಿದು ಕಲಿಯಲಿ ಎಂದು. ಬಾಲದ ಬುಡಕ್ಕೆ ಬೆಲ್ಟು, ಬೆಲ್ಟಿಗೆ ತೇಲುವ ಟ್ರಾನ್ಸ್‌ಮಿಟರು. ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಕಳಚುವಂಥದ್ದು.

ನನ್ನ ಎದೆ ಬಡಿತ ಜಾಸ್ತಿಯಾದದ್ದು ಆ ವರ್ಷದ ಡಿಸೆಂಬರಿನಲ್ಲಿ. ನವೆಂಬರ್ ಕೊನೆಯವರೆಗೂ ಅವಳು ನದಿಯ ಕೆಳಭಾಗದಲ್ಲೇ ಇದ್ದಳು. ನೀರು ಇಳಿಯುತ್ತಾ ಬಂತು, ಅವಳು ಅಲುಗಲಿಲ್ಲ. ದೋಣಿ ಸಿದ್ಧ ಮಾಡಿ ಇಟ್ಟಿದ್ದೆವು, ಇನ್ನೊಂದು ದಿನ ನೋಡಿ ಹಿಡಿಯುವುದು ಎಂದು. ಆ ರಾತ್ರಿ ನಕ್ಷೆಯಲ್ಲಿ ಅವಳ ಟ್ರಾನ್ಸ್‌ಮಿಟರಿನ ಚುಕ್ಕಿ ನದಿಯ ಮೇಲ್ಭಾಗದ ಕಡೆ ಹೊರಟಿತು. ಎರಡನೇ ದಿನಕ್ಕೆ ಬ್ಲೂ ಸ್ಪ್ರಿಂಗ್.

ಟ್ರ್ಯಾಕ್ ಮಾಡುವಾಗ ನೋಡಿದ ಇನ್ನೊಂದನ್ನೂ ಹೇಳಬೇಕು. ಹೆಣ್ಣು ಬೆದೆಗೆ ಬಂದರೆ ಹತ್ತು, ಹದಿನೈದು, ಕೆಲವು ಸಲ ಇಪ್ಪತ್ತು ಗಂಡುಗಳು ಹಿಂದೆ ಬೀಳುತ್ತವೆ. ವಾರಗಟ್ಟಲೆ ಬಿಡುವುದಿಲ್ಲ. ಪಾಪ, ಅವಳು ತಪ್ಪಿಸಿಕೊಳ್ಳಲು ಮೊಣಕಾಲು ಮಟ್ಟದ ನೀರಿಗೆ ಬಂದು ಹೊಟ್ಟೆಯನ್ನು ಮರಳಿಗೆ ಒತ್ತಿಕೊಂಡು ಮಲಗುತ್ತಾಳೆ. ದಡದಲ್ಲಿದ್ದ ಜನ ಮ್ಯಾನಟಿಗಳು ಸಿಕ್ಕಿಹಾಕಿಕೊಂಡಿವೆ ಎಂದು ಫೋನ್ ಮಾಡುತ್ತಾರೆ. ಕೆಲವರು ತಳ್ಳಲು ನೀರಿಗಿಳಿಯುತ್ತಾರೆ. ಅರ್ಧ ಟನ್ ತೂಕದ ಗಂಡುಗಳ ನಡುವೆ! ಕೆಲಸ ಮುಗಿದ ಮೇಲೆ ಗಂಡುಗಳು ಅವರವರ ದಾರಿ ಹಿಡಿಯುತ್ತವೆ. ಮರಿಯ ಕಡೆ ತಿರುಗಿಯೂ ನೋಡುವುದಿಲ್ಲ.

2021 ಕೆಟ್ಟ ವರ್ಷ. ಫ್ಲೋರಿಡಾದ ಪೂರ್ವ ಕರಾವಳಿಯ ಹಿನ್ನೀರು ಇಂಡಿಯನ್ ರಿವರ್ ಲಗೂನ್‌ನಲ್ಲಿ ಕಡಲ ಹುಲ್ಲು ಹಾಳಾಗಿ ಹಸಿವಿಗೆ ಸತ್ತವೇ ಬಹಳ. ಫ್ಲೋರಿಡಾದಲ್ಲಿ ಆ ಒಂದೇ ವರ್ಷ ಸುಮಾರು 1,100 ಮ್ಯಾನಟಿಗಳು ಹೋದವು. ಹೆಣ್ಣು ಈಯುವುದೇ ಎರಡರಿಂದ ಐದು ವರ್ಷಕ್ಕೊಮ್ಮೆ, ಒಂದೇ ಮರಿ, ಅವಳಿ ಬಹಳ ಅಪರೂಪ. ಆ ನಷ್ಟ ತುಂಬಲು ಎಷ್ಟು ಕಾಲ ಬೇಕು, ಲೆಕ್ಕ ಹಾಕಿ. ಆ ಚಳಿಗಾಲ ನಮ್ಮಲ್ಲಿ ಮೂರು ಗೊಂಬೆಗಳು ಒಟ್ಟಿಗೆ ಕೆಲಸ ಮಾಡಿದವು. ವೆಟ್‌ಸೂಟು ಸಾಲದೆ ಸಹೋದ್ಯೋಗಿಗಳ ಹಳೆಯವನ್ನು ಬೇಡಿ ತಂದೆ. ಲೆಕ್ಕದವರು ಆ ಸಲ ಕಾಗದ ವಾಪಸು ಕಳಿಸಲಿಲ್ಲ.

2023ರ ಜನವರಿಯಲ್ಲಿ ಬ್ಲೂ ಸ್ಪ್ರಿಂಗ್‌ನಿಂದ ಒಂದು ಫೋಟೋ ಬಂತು. ಬೆಲ್ಟು ಎಂದೋ ಕಳಚಿತ್ತು. ಗುರುತು ಹಿಡಿಯುವುದು ಗಾಯದ ಕಲೆಯಿಂದ. ಬಿಟ್ಟ ಮರುವರ್ಷವೇ ಅವಳ ಬೆನ್ನಿಗೆ ದೋಣಿಯ ಪ್ರೊಪೆಲರ್ ನಾಲ್ಕು ಗೆರೆ ಎಳೆದಿತ್ತು, ಬಲಬದಿಗೆ. ಅದೇ ನಾಲ್ಕು ಗೆರೆ. ಪಕ್ಕದಲ್ಲಿ ಕಪ್ಪನೆಯ ಚಿಕ್ಕದೊಂದು. ಮರುದಿನ ನಾನೂ ವೈದ್ಯೆಯೂ ಹೋದೆವು. ಗೊಂಬೆಯ ಹತ್ತಿರ ಕುಡಿದು ಬೆಳೆದವಳಿಗೆ ತಾಯ್ತನ ಎಲ್ಲಿಂದ ಬಂದೀತು ಎಂದು ಹಿಂದೆ ಕೇಳಿದವರು ಅವರೇ. ಮರದ ಅಟ್ಟಣೆಯ ಮೇಲೆ ಎರಡು ಗಂಟೆ ನಿಂತೆವು. ನೀರು ಗಾಜಿನ ಹಾಗಿತ್ತು. ಮರಿ ಮೇಲೆ ಬಂದು ಉಸಿರು ಎಳೆದುಕೊಂಡು ಕೆಳಗೆ ಹೋಯಿತು. ಅವಳು ಕೈಯನ್ನು ಮೈಯಿಂದ ಸ್ವಲ್ಪ ಅಗಲಿಸಿದಳು.

ವೈದ್ಯೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ತೊಟ್ಟಿನ ತೂತು ಎಷ್ಟು ದೊಡ್ಡದು ಇಟ್ಟಿದ್ದಿರಿ, ಈಗಲಾದರೂ ಹೇಳಿ" ಎಂದರು. ಸವರಿದ್ದೇನು ಎಂದು ಅವರಿಗೆ ಗೊತ್ತಿತ್ತು. ತೂತಿನ ಅಳತೆ ಇನ್ನೂ ನನ್ನ ಹತ್ತಿರವೇ ಇದೆ.